ಕಾಲರಿನ ಕೆಳಗಿನ ಕೆಂಪು ಗಂಟು

ನಗರಸಭೆಯ ಖರೀದಿ ವಿಭಾಗದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಆಯುಕ್ತರಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರಿಗೂ ಅವಳು ಅರಗಕ್ಕ. ಟೆಂಡರು ಲಕೋಟೆಗಳ ಬಾಯಿಗೆ ಅರಗು ಕಾಯಿಸಿ ಸುರಿದು ಮೊಹರು ಒತ್ತುವ ಕೆಲಸವನ್ನು ಹತ್ತೊಂಬತ್ತು ವರ್ಷಗಳಿಂದ ಮಾಡುತ್ತ ಬಂದವಳು. ಬಲಗೈ ಹೆಬ್ಬೆರಳಿನ ಉಗುರಂಚು ಯಾವಾಗಲೂ ಕೆಂಪು. ಮಗಳು ಚಿಕ್ಕವಳಿದ್ದಾಗ ಆ ಬೆರಳನ್ನು ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದಳು. ಅಮ್ಮನ ಬೆರಳಿಗೆ ಆಫೀಸಿನ ವಾಸನೆ ಇದೆ ಎನ್ನುತ್ತಿದ್ದಳು.

ಊರು ಒಂದು ದೊಡ್ಡ ಸಂಸಾರ ಎಂದಿಟ್ಟುಕೊಂಡರೆ ಆ ಸಂಸಾರಕ್ಕೆ ಬೇಕಾದ ಸಾಮಾನಿನ ಚೀಟಿ ಬರೆಯುವ ಕೋಣೆ ಅದು. ಪೊರಕೆ, ಬೀದಿದೀಪದ ಬಲ್ಬು, ಶಾಲೆಗೆ ಸೀಮೆಸುಣ್ಣ, ಚರಂಡಿ ತೋಡುವವರಿಗೆ ಬೂಟು, ಎಲ್ಲಕ್ಕೂ ಟೆಂಡರು ಕರೆಯಬೇಕು, ಬಂದ ಲಕೋಟೆ ಕಾಯಬೇಕು, ಎಲ್ಲರೆದುರು ಬಿಚ್ಚಬೇಕು, ಯಾರಿಗೆ ಸಿಕ್ಕಿತೆಂದು ಊರಿಗೆ ತಿಳಿಸಬೇಕು. ತಿಳಿಸುವ ಕೆಲಸವೂ ಅರಗಕ್ಕನದೇ. ತಿಂಗಳ ಮೊದಲ ದಿನ ಅವಳು ಬೆರಳಚ್ಚು ಮಾಡಿದ ಪಟ್ಟಿ ಮೆಟ್ಟಿಲ ಬುಡದ ಗಾಜಿನ ಬೋರ್ಡಿಗೂ ನಗರಸಭೆಯ ವೆಬ್‌ಸೈಟಿಗೂ ಏರುತ್ತಿತ್ತು. ಕೆಲಸ ಯಾವುದು, ಎಷ್ಟು ಜನ ಟೆಂಡರು ಹಾಕಿದರು, ಯಾರಿಗಾಯಿತು, ಎಷ್ಟಕ್ಕಾಯಿತು, ಯಾವಾಗ ಮುಗಿಯಬೇಕು. ಕೊನೆಯಲ್ಲಿ, ವಿಶೇಷ ಟಿಪ್ಪಣಿ ಇದ್ದರೆ ಬರೆಯಲೆಂದು, ಷರಾ ಎಂಬ ಒಂದು ಕಿರಿದಾದ ಕಾಲಂ. ಆ ಕಾಲಮಿನಲ್ಲಿ ಸಾಲು ಸಾಲಿಗೂ 'ಇಲ್ಲ, ಇಲ್ಲ' ಎಂದು ಹೊಡೆಯುತ್ತ ಹೋಗುವುದೇ ಅವಳ ಅಭ್ಯಾಸ. ಹತ್ತೊಂಬತ್ತು ವರ್ಷದಲ್ಲಿ ಸಾವಿರಾರು ಹೆಸರು ಅವಳ ಬೆರಳಿನಡಿ ಹಾದು ಹೋಗಿವೆ. ಅವಳ ಹೆಸರು ಮಾತ್ರ ಎಲ್ಲೂ ಇಲ್ಲ. ಹಾಳೆಯ ತಳದಲ್ಲಿ 'ತಯಾರಿಸಿದವರು' ಎಂದಿರುವಲ್ಲಿ ಒಂದು ಗೀಚು ಸಹಿ, ಅಷ್ಟೆ. ಅದಕ್ಕಾಗಿ ಅವಳು ಎಂದೂ ಕೊರಗಿದವಳಲ್ಲ. ವಾರಗಿತ್ತಿಯ ಹೆಸರು ಆ ಪಟ್ಟಿಗೆ ಬರುವವರೆಗೆ.

ವಾರಗಿತ್ತಿ ಎಂದರೆ ಮೈದುನನ ಹೆಂಡತಿ. ಮದುವೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸಲು ಬಾರದ ಹುಡುಗಿ. ಕೆಲಸಕ್ಕೆ ಸೇರುವ ಮುಂಚೆ ಕೊಂಡಿದ್ದ ಹೊಲಿಗೆ ಯಂತ್ರದಲ್ಲಿ ಅರಗಕ್ಕ ಆಗಿನ್ನೂ ರಜೆಯ ದಿನ ಅಕ್ಕಪಕ್ಕದವರಿಗೆ ಬಟ್ಟೆ ಹೊಲಿದುಕೊಡುತ್ತಿದ್ದಳು. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಲರು ಕೂರಿಸುವುದನ್ನು, ಕಂಕುಳ ಹತ್ತಿರ ಬಟ್ಟೆ ಬಿಗಿಯದಂತೆ ಕತ್ತರಿಸುವುದನ್ನು ಕೈಹಿಡಿದು ಕಲಿಸಿದಳು. ಹೊಲಿದು ಮುಗಿದ ಬಟ್ಟೆಯ ಕಾಲರಿನೊಳಗೆ ಕೆಂಪು ದಾರದಲ್ಲಿ ಮೂರು ಸುತ್ತಿನ ಒಂದು ಪುಟ್ಟ ಗಂಟು ಹಾಕುವುದನ್ನೂ ಕಲಿಸಿದಳು. "ನಾಳೆ ರಿಪೇರಿಗೆ ಬಂದ್ರೆ ನಮ್ಮ ಕೈದೋ ಬೇರೆಯವರದೋ ಅಂತ ಗೊತ್ತಾಗ್ಬೇಕಲ್ಲ," ಎಂದಿದ್ದಳು. ಕಣ್ಣಿಗೆ ಕನ್ನಡಕ ಬಂದ ವರ್ಷ ಯಂತ್ರವನ್ನೇ ಎತ್ತಿ ವಾರಗಿತ್ತಿಗೆ ಕೊಟ್ಟುಬಿಟ್ಟಳು. ಕೊಡುವಾಗ ಮನಸ್ಸು ತುಂಬಿ ಬಂದಿತ್ತು. ಅದು ನಿಜ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಈಗ ಕೆಳಮನೆಯ ಮುಂದಿನ ಕೋಣೆಯಲ್ಲಿ ಐದು ಯಂತ್ರಗಳಿವೆ, ನಾಲ್ವರು ಹೆಂಗಸರು ಕೆಲಸಕ್ಕಿದ್ದಾರೆ. ಅರಗಕ್ಕನ ಸಂಸಾರ ಮೇಲ್ಮನೆಯಲ್ಲಿ. ಅತ್ತೆ ರಾತ್ರಿ ಮಲಗುವುದು ಮೇಲೆ, ಹಗಲೆಲ್ಲ ಕೂರುವುದು ಕೆಳಗೆ. ಮೊಣಕಾಲು ನೋವು ಎಂದು ಮೆಟ್ಟಿಲ ಬಗ್ಗೆ ಗೊಣಗುವ ಮುದುಕಿ ಬೆಳಿಗ್ಗೆ ಏಳಕ್ಕೆ ಇಳಿದರೆ ಊಟದ ಹೊತ್ತಿಗೂ ಹತ್ತುತ್ತಿರಲಿಲ್ಲ. ಹನ್ನೊಂದು ವರ್ಷದ ಮಗಳೂ ಹಾಗೆಯೇ. ಶಾಲೆಯಿಂದ ಬಂದವಳು ಚೀಲವನ್ನು ಮೆಟ್ಟಿಲ ಮೇಲೆ ಎಸೆದು ಗುಂಡಿಗಳ ಡಬ್ಬಿ ಹರವಿಕೊಂಡು ಚಿಕ್ಕಮ್ಮನ ಕಾಲ ಬಳಿ ಕೂತುಬಿಡುತ್ತಿದ್ದಳು. ಅರಗಕ್ಕ ಕೆಲಸದಿಂದ ಬಂದು ಬಾಗಿಲು ತೆರೆದರೆ ಮೇಲ್ಮನೆಯಲ್ಲಿ ಗಡಿಯಾರ ಒಂದೇ ಮಾತಾಡುತ್ತಿತ್ತು.

ಹಿಂದಿನ ವರ್ಷ ನಗರಸಭೆಯ ಮೂರು ಚಿಕಿತ್ಸಾಲಯಗಳಿಗೆ ಪರದೆ ಹೊಲಿಯುವ ಸಣ್ಣ ಗುತ್ತಿಗೆ ವಾರಗಿತ್ತಿಗೆ ಸಿಕ್ಕಿತು. ಅದು ಆರೋಗ್ಯ ವಿಭಾಗದವರೇ ದರ ತರಿಸಿ ಕೊಟ್ಟ ಕೆಲಸ. ಅರಗಕ್ಕನ ಪಾಲಿಗೆ ಬಂದದ್ದು ಪಟ್ಟಿಯ ಒಂದು ಸಾಲು ಮಾತ್ರ. ಆ ಸಾಲನ್ನು ಅವಳು ಮೂರು ಸಲ ಓದಿ ನೋಡಿದಳು. ಒಂದು ಅಕ್ಷರವಾದರೂ ತಪ್ಪಿ ಬಿದ್ದಿರಲಿ ಎಂದು ಒಳಗೊಳಗೇ ಆಸೆ. ತಪ್ಪು ಬಡಿಯುವುದು ಆ ಬೆರಳುಗಳಿಗೆ ಗೊತ್ತಿರಲಿಲ್ಲ. ಅತ್ತೆ ಮೊಮ್ಮಗಳನ್ನು ಕರೆದುಕೊಂಡು ನಗರಸಭೆಗೆ ಬಂದು, ಬೋರ್ಡಿನ ಮುಂದೆ ನಿಂತು, ಸಾಲನ್ನು ಎರಡು ಸಲ ಓದಿಸಿ, ಫೋನಿನಲ್ಲಿ ಚಿತ್ರ ತೆಗೆಸಿಕೊಂಡರು. ಮೆಟ್ಟಿಲು ಹತ್ತಿ ಸೊಸೆಯನ್ನು ನೋಡಿ ಹೋಗೋಣ ಎಂದು ಅವರಿಗೆ ಹೊಳೆಯಲಿಲ್ಲ, ಮೊಣಕಾಲು ನೋವು.

ಅಂದು ಸಂಜೆ ಮಗಳು ಕೇಳಿದಳು, "ಅಮ್ಮಾ, ಚಿಕ್ಕಮ್ಮನ ಹೆಸರು ಬೋರ್ಡಲ್ಲಿದೆ. ನೀನು ದಿನಾ ಅಲ್ಲೇ ಇರ್ತೀಯ, ನಿನ್ನ ಹೆಸರು ಯಾಕೆ ಬರಲ್ಲ?"

"ಬರೆಯೋರ ಹೆಸರು ಬರಲ್ಲ ಪುಟ್ಟಿ."

"ಯಾಕೆ?"

"ಅಡುಗೆ ಮಾಡಿದೋರ ಹೆಸರು ತಟ್ಟೆ ಮೇಲೆ ಬರೀತಾರಾ? ಹೋಗು, ಕೈ ತೊಳ್ಕೊ," ಎಂದು ಗದರಿದಳು.

ಹೊಟ್ಟೆಕಿಚ್ಚು ಎಂಬುದು ಜ್ವರದಂತಲ್ಲ, ಬಂದು ಹೋಗುವುದಿಲ್ಲ. ಪಾತ್ರೆಯ ತಳಕ್ಕೆ ಹತ್ತಿದ ಹಾಲಿನಂತೆ, ಎಷ್ಟು ತಿಕ್ಕಿದರೂ ಒಂದು ಕಂದು ಕಲೆ ಉಳಿದೇ ಇರುತ್ತದೆ. ವಾರಗಿತ್ತಿ ಹೊಸ ಚಪ್ಪಲಿ ತಂದರೆ ಅರಗಕ್ಕನಿಗೆ ಉರಿಯುತ್ತಿರಲಿಲ್ಲ. ಅವಳ ಕೈ ಕಾಲರನ್ನು ತಿರುಗಿಸುವ ರೀತಿ ಕಂಡರೆ ಉರಿಯುತ್ತಿತ್ತು. ಅದು ತನ್ನ ಕೈಯ ತಿರುವು. ಅದನ್ನು ಜನ ಮೆಚ್ಚುವುದು ಇನ್ನೊಬ್ಬಳ ಹೆಸರಿನಲ್ಲಿ.

ಹೀಗಿರುವಾಗ ಈ ವರ್ಷದ ದೊಡ್ಡ ಟೆಂಡರು ಬಂತು: ಬೀದಿ ಗುಡಿಸುವವರಿಗೆ ಸಾವಿರದ ಇನ್ನೂರು ಮೇಲಂಗಿ. ಎದೆಗೂ ಬೆನ್ನಿಗೂ ಹೊಳೆಯುವ ಪಟ್ಟಿ, ಎರಡು ಜೇಬು, ಜೋಡಿ ಹೊಲಿಗೆ. ಪ್ರತಿಯೊಬ್ಬರೂ ಒಂದು ಮಾದರಿ ಅಂಗಿಯನ್ನು ಹೊಲಿದು, ಮೂರು ಸಲ ಒಗೆದು, ಲಕೋಟೆಯ ಜೊತೆ ಕೊಡಬೇಕು. ಅಂಗಿಯ ಮೇಲೆ ಹೆಸರಾಗಲಿ, ಚೀಟಿಯಾಗಲಿ, ಯಾವ ಗುರುತೂ ಇರಕೂಡದು, ಇದ್ದರೆ ತಿರಸ್ಕಾರ. ಟಪಾಲು ಗುಮಾಸ್ತ ಒಂದೊಂದಕ್ಕೆ ಒಂದೊಂದು ನಂಬರು ಕೊಟ್ಟು, ಯಾವ ನಂಬರು ಯಾರದೆಂಬ ಚೀಟಿಯನ್ನು ಲಕೋಟೆಗೆ ಹಾಕಿ ತರುತ್ತಾನೆ. ಅರಗಕ್ಕ ಅದಕ್ಕೆ ಮೊಹರು ಹಾಕುತ್ತಾಳೆ. ಸಮಿತಿಯವರು ಅಂಗಿ ನೋಡುತ್ತಾರೆ, ಆಳು ನೋಡುವುದಿಲ್ಲ. ಯಾರ ಅಳಿಯ, ಯಾರ ಭಾಮೈದ ಎಂಬ ಮಾತೇ ಬರದಿರಲಿ ಎಂದು ಮಾಡಿಕೊಂಡ ಪದ್ಧತಿ.

ಇನ್ನೊಂದು ಪದ್ಧತಿಯೂ ಇತ್ತು. ಮೇಜಿಗೆ ಕೂರುವ ಪ್ರತಿಯೊಬ್ಬರೂ ಅಂದು ಬೆಳಿಗ್ಗೆ ಒಂದು ಹಾಳೆಗೆ ಸಹಿ ಹಾಕಬೇಕು: ಟೆಂಡರು ಹಾಕಿದವರಲ್ಲಿ ನನ್ನ ಸಂಬಂಧಿಕರು ಯಾರೂ ಇಲ್ಲ. ಇದ್ದರೆ ಇದ್ದಾರೆ ಎಂದು ಬರೆದು ಮೇಜಿನಿಂದ ಎದ್ದು ಹೋಗಬೇಕು. ನೆಂಟರು ಟೆಂಡರು ಹಾಕುವುದು ತಪ್ಪಲ್ಲ, ಮುಚ್ಚಿಟ್ಟುಕೊಂಡು ಕೂರುವುದು ತಪ್ಪು. ಈ ಹಾಳೆ ಹಂಚುವವಳೂ ವಾಪಸು ಪಡೆದು ಎಣಿಸುವವಳೂ ಅರಗಕ್ಕ.

ವಾರಗಿತ್ತಿ ಒಂದು ಸಂಜೆ ಅಂಗಿಯನ್ನು ತೋಳಮೇಲೆ ಹಾಕಿಕೊಂಡು ಮೇಲೆ ಬಂದಳು. ಕೂದಲಲ್ಲಿ ದಾರದ ಚೂರು, ಮುಖದಲ್ಲಿ ಪರೀಕ್ಷೆಗೆ ಹೊರಟ ಹುಡುಗಿಯ ಕಳೆ.

"ಅಕ್ಕಾ, ಒಂಚೂರು ನೋಡಿ ಹೇಳಿ. ಇದಾಗ್ಬಿಟ್ರೆ ಇನ್ನೂ ಆರು ಜನಕ್ಕೆ ಕೆಲಸ ಕೊಡ್ತೀನಿ. ಆಗಿಲ್ಲ ಅಂದ್ರೆ ಇರೋ ನಾಲ್ಕು ಜನರಲ್ಲಿ ಇಬ್ಬರನ್ನ ಕಳಿಸ್ಬೇಕು."

"ನನಗೆ ತೋರಿಸ್ಬಾರದು ಕಣೆ."

"ಬರೀ ಹೊಲಿಗೆ ನೋಡಿ. ರೇಟು ಕೇಳ್ತಿಲ್ಲ ನಾನು."

"ನಾನು ಆಫೀಸಲ್ಲಿ ಇರೋಳು. ಟೆಂಡರ್ ಹಾಕೋರಿಗೆ ಒಂದು ಮಾತೂ ಹೇಳೋ ಹಾಗಿಲ್ಲ. ರೂಲ್ಸು."

"ಸರಿ ಬಿಡಿ," ಎಂದು ವಾರಗಿತ್ತಿ ಅಂಗಿಯನ್ನು ಮಡಚಿದಳು. "ನಿಮಗೆ ತೊಂದರೆ ಆಗೋದು ಬೇಡ."

ರೂಲ್ಸು ಎಂಬ ಮಾತು ಬಾಯಿಂದ ಹೊರಬಿದ್ದಾಗ ಅರಗಕ್ಕನಿಗೆ ಕಲ್ಲುಸಕ್ಕರೆ ಚೀಪಿದಂತಾಯಿತು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ.

ಮಾರನೇ ದಿನ ಅಂಗಿ ಒಗೆದು ಮೆಟ್ಟಿಲ ಕಂಬಿಗೆ ಹ್ಯಾಂಗರಿನಲ್ಲಿ ನೇತುಹಾಕಿದ್ದರು. ಕೆಲಸಕ್ಕೆ ಹೊರಟವಳು ಇಳಿಯುತ್ತ ಅದರ ಪಕ್ಕದಲ್ಲಿ ಹಾದುಹೋಗಬೇಕಾಯಿತು. ಒಣಗಲೆಂದು ಕಾಲರನ್ನು ಮೇಲೆತ್ತಿ ಬಿಟ್ಟಿದ್ದರು. ಕಾಲರಿನ ಒಳಮಗ್ಗುಲಲ್ಲಿ, ಸಾಸಿವೆ ಕಾಳಿನಷ್ಟು, ಮೂರು ಸುತ್ತಿನ ಕೆಂಪು ಗಂಟು.

ಅರಗಕ್ಕ ನಿಂತಳು. ಚೀಟಿ ಅಂಟಿಸಬಾರದು, ಹೆಸರು ಬರೆಯಬಾರದು ಎಂದು ವಾರಗಿತ್ತಿ ಎಚ್ಚರವಹಿಸಿದ್ದಾಳೆ. ಗಂಟು ಹಾಕಿದ್ದು ಅವಳಲ್ಲ, ಅವಳ ಕೈ. ಕಾಗದ ಬರೆದು ಮುಗಿಸಿದವರು ಯೋಚಿಸದೆ ಸಹಿ ಹಾಕುವಂತೆ, ಕಾಲರು ಮುಗಿದ ಕೂಡಲೇ ಕೈ ತನ್ನಷ್ಟಕ್ಕೆ ಗಂಟು ಹಾಕಿಬಿಟ್ಟಿದೆ. ಕೆಳಗಿಳಿದು "ಅದನ್ನ ಬಿಚ್ಚೇ" ಎಂದರೆ ಮುಗಿಯಿತು, ಎರಡು ನಿಮಿಷದ ಕೆಲಸ.

ಬಸ್ಸಿಗೆ ಹೊತ್ತಾಯಿತು ಎಂದುಕೊಂಡು ಅವಳು ಇಳಿದು ಹೋದಳು.

ಮೂರು ಸಲ ಒಗೆದು ಮೂರು ದಿನ ಒಣಹಾಕಿದರು. ಮೂರು ಬೆಳಿಗ್ಗೆ, ಮೂರು ಸಂಜೆ ಅವಳು ಆ ಗಂಟನ್ನು ನೋಡಿದಳು. ಎರಡನೇ ದಿನ ಗಂಡನ ಮುಂದೆ ಬಾಯಿಬಿಟ್ಟಳು.

"ರೀ, ಒಬ್ರು ತಪ್ಪು ಮಾಡ್ತಿದಾರೆ ಅಂತ ಗೊತ್ತು. ಹೇಳಿದ್ರೆ ರೂಲ್ಸಿಗೆ ವಿರುದ್ಧ. ಏನ್ ಮಾಡ್ಬೇಕು?"

ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾದ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. "ಹೇಳ್ಬೇಡ."

"ಹೇಳದೆ ಇದ್ರೆ ಮನಸ್ಸು ಒಪ್ಪಲ್ಲ."

"ಹಾಗಾದ್ರೆ ಹೇಳು."

"ನಿಮ್ಮ ಹತ್ರ ಕೇಳಿದ್ನಲ್ಲ, ನನ್ನ ಬುದ್ಧಿಗೆ ಏನ್ ಹೇಳ್ಬೇಕು."

"ನಿನಗೆ ಬೇಕಾಗಿರೋದು ಬುದ್ಧಿಮಾತಲ್ಲ, ಅನುಮತಿ," ಎಂದ ಗಂಡ, ಪುಟ ತಿರುವುತ್ತ. ಆ ಮಾತು ಮುಖಕ್ಕೆ ಹೊಡೆದಂತಿತ್ತು. ಆತ ಅದನ್ನು ಅಲ್ಲಿಗೇ ಮರೆತು ಆಟದ ಸುದ್ದಿ ಓದತೊಡಗಿದ.

ಮೂರನೇ ಸಂಜೆ ಅಂಗಿ ಇಸ್ತ್ರಿಯಾಗಿ, ಕಾಲರು ಮಡಚಿ, ಕಾಗದದ ಚೀಲ ಸೇರಿತು.

ಟೆಂಡರು ತೆರೆಯುವ ದಿನ ಬೆಳಿಗ್ಗೆ ಅರಗಕ್ಕ ಎಂದಿನಂತೆ ಹಾಳೆಗಳನ್ನು ಹಂಚಿದಳು. ಖರೀದಿ ಅಧಿಕಾರಿ ಸಹಿ ಹಾಕಿ ಕೊಟ್ಟರು. ನೈರ್ಮಲ್ಯ ವಿಭಾಗದ ಮೇಲ್ವಿಚಾರಕಿ ಹಾಕಿ ಕೊಟ್ಟಳು. ಅಂಗಿ ಹಾಕಿ ನೋಡಲೆಂದು ಕರೆಸಿದ್ದ, ಮೂವತ್ತು ವರ್ಷ ಬೀದಿ ಗುಡಿಸಿದ ಹಿರಿಯ ಹೆಂಗಸು "ನನಗ್ಯಾರಮ್ಮ ಟೆಂಡರ್ ಹಾಕೋ ನೆಂಟರು, ಸಾಲ ಕೇಳೋ ನೆಂಟರೇ ಎಲ್ಲ," ಎಂದು ನಗುತ್ತ ಹೆಬ್ಬೆಟ್ಟು ಒತ್ತಿದಳು. ಅರಗಕ್ಕ ತನ್ನ ಹಾಳೆಯನ್ನು ಖಾಲಿಯಾಗಿಯೇ ಮೇಜಿನ ಖಾನೆಗೆ ಹಾಕಿ ಮುಚ್ಚಿದಳು. ಸುಳ್ಳು ಬರೆಯಲು ಕೈ ಬರಲಿಲ್ಲ. ನಿಜ ಬರೆದರೆ ಎದ್ದು ಹೋಗಬೇಕು. ಅವಳಿಗೆ ಆ ಕೋಣೆಯಲ್ಲಿ ಇರಬೇಕಿತ್ತು, ಆ ಕಾಲರು ತಿರುಗುವ ಗಳಿಗೆಯನ್ನು ಕಣ್ಣಾರೆ ನೋಡಬೇಕಿತ್ತು. ಎಲ್ಲರ ಹಾಳೆ ಕೇಳುವವಳ ಹಾಳೆಯನ್ನು ಕೇಳುವವರು ಯಾರೂ ಇರಲಿಲ್ಲ.

ಒಳಕೋಣೆಯ ಬಾಗಿಲು ಹಾಕಿದರು. ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಟೆಂಡರು ಹಾಕಿದ ಆರು ಜನ ಕೂತಿದ್ದರು. ಬಾಗಿಲು ಮುಚ್ಚುವಾಗ ಐದು ಗಂಡಸರ ನಡುವೆ ಕೂತ ವಾರಗಿತ್ತಿ, ಮಡಿಲ ಮೇಲೆ ಎರಡೂ ಕೈ ಜೋಡಿಸಿಕೊಂಡವಳು, ಅರಗಕ್ಕನನ್ನು ನೋಡಿ ಗುರುತಿನ ನಗೆ ನಗಲಿಲ್ಲ. ನಕ್ಕರೆ ಅಕ್ಕನಿಗೆ ತೊಂದರೆಯಾದೀತು ಎಂದು ದೃಷ್ಟಿ ತಿರುಗಿಸಿದಳು. ಅದನ್ನು ಕಂಡು ಅರಗಕ್ಕನಿಗೆ ಇನ್ನಷ್ಟು ರೇಗಿತು. ಇವಳಿಗೆ ಒಳ್ಳೆಯತನವೂ ತನಗಿಂತ ಚೆನ್ನಾಗಿ ಬರುತ್ತದೆ.

ಗುಡಿಸುವ ಹೆಂಗಸು ಒಂದೊಂದೇ ಅಂಗಿ ತೊಟ್ಟು ಕೈ ಬೀಸಿ ಬೀಸಿ ನೋಡುತ್ತ ಬಂದಳು. ಒಂದನೆಯದು ಕಂಕುಳಲ್ಲಿ ಹಿಡಿಯಿತು. ಎರಡನೆಯದರ ಜೇಬು ಎಷ್ಟು ಮೇಲಿತ್ತೆಂದರೆ "ಇದೇನು ಜೇಬೋ, ಕಿವಿಯೋ," ಎಂದಳು. ಮೂರನೆಯದರ ಹೊಳೆಯುವ ಪಟ್ಟಿ ಎಳೆದರೆ ಕಿತ್ತು ಬಂತು. ನಾಲ್ಕನೆಯದನ್ನು ತೊಟ್ಟಳು. ಬಗ್ಗಿದಳು, ಎದ್ದಳು, ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು ಕೋಣೆಯ ಅರ್ಧ ಗುಡಿಸಿದಳು.

"ಇದು ಬಟ್ಟೆ ಹಾಕಿದೀನಿ ಅಂತಲೇ ಗೊತ್ತಾಗಲ್ಲ ಸಾರ್. ಹೊಲಿದೋರು ಎಲ್ಲೋ ಕೈಕೆಲಸ ಮಾಡೋರೇ ಇರ್ಬೇಕು."

ಕಂಕುಳ ಆ ಕತ್ತರಿಕೆ ಯಾರದೆಂದು ಅರಗಕ್ಕನಿಗೆ ನೋಡಿದರೇ ತಿಳಿದಿತ್ತು. ಮೆಚ್ಚುಗೆಯ ಮಾತು ನೇರ ತನ್ನೆದೆಗೆ ಬಂದು, ಅಲ್ಲಿ ನಿಲ್ಲದೆ, ಹೊರಗೆ ಬೆಂಚಿನ ಕಡೆ ಹಾರಿಹೋದಂತಾಯಿತು.

"ಆದ್ರೆ ಕತ್ತಿಗೆ ಏನೋ ಚುಚ್ತದೆ," ಎಂದು ಹೆಂಗಸು ಕಾಲರು ತಿರುಗಿಸಿದಳು. "ನೋಡಿ, ಕೆಂಪು ದಾರ."

ಖರೀದಿ ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಗಂಟು ಬಿದ್ದಿದೆ. ಇದು ಗುರುತು ಅಂತೀರಾ, ಮೇಡಂ?"

"ಹೊಲಿಯುವಾಗ ಸಿಕ್ಕು ಬಿದ್ದಿರಬಹುದು," ಎಂದಳು ಮೇಲ್ವಿಚಾರಕಿ.

"ಅದೇ ನಾನೂ ಹೇಳೋದು. ಇದು ಯಾರದು ಅಂತ ನೋಡಿದವರಿಗೆ ತಿಳಿದರೆ ಗುರುತು, ತಿಳೀದಿದ್ದರೆ ಬರೀ ದಾರ. ಇಲ್ಲಿ ಯಾರಿಗಾದ್ರೂ ತಿಳಿಯುತ್ತಾ? ಇಲ್ಲವಲ್ಲ. ನಡಾವಳಿಯಲ್ಲಿ ದಾರ ಅಂತಲೇ ಬರ್ಕೊಳ್ಳಿ ಅರಗಕ್ಕ, ಮುಂದಿನದು ನೋಡೋಣ."

ಅರಗಕ್ಕನ ಪೆನ್ನು ಹಾಳೆಯ ಮೇಲೆ ನಿಂತಿತು. ಇದನ್ನು ಅವಳು ಯೋಚಿಸಿಯೇ ಇರಲಿಲ್ಲ. ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡು ಕಾದ ಗಂಟು ಅದು. ಈಗಲೂ ಸುಮ್ಮನಿದ್ದರೆ ಅಂಗಿ ಗೆಲ್ಲುತ್ತದೆ. ಯಾರನ್ನು ಬೀಳಿಸಲೆಂದು ಸುಮ್ಮನಿದ್ದಳೋ ಅವಳನ್ನೇ ಆ ಮೌನ ಎತ್ತಿ ಕೂರಿಸುತ್ತದೆ.

"ಗುರುತೇ ಸರ್," ಎಂದುಬಿಟ್ಟಳು.

"ಏನಂದ್ರಿ?"

"ಅದು ಬರೀ ದಾರ ಅಲ್ಲ. ಗುರುತು."

"ನಿಮಗೆ ಹೇಗೆ ಗೊತ್ತು?"

ಇಲ್ಲಿ ಅವಳು ಹಿಂದೆ ಸರಿಯಬಹುದಿತ್ತು. ಹಾಗನ್ನಿಸಿತು ಎಂದಿದ್ದರೆ ಅಧಿಕಾರಿ ತಲೆ ಕೊಡವಿ ಮುಂದೆ ಹೋಗುತ್ತಿದ್ದರು. ಗುಡಿಸುವ ಹೆಂಗಸು ಅಂಗಿಯನ್ನು ಇನ್ನೂ ತೊಟ್ಟೇ ನಿಂತು, ಉಗುರಿನಿಂದ ಆ ಗಂಟನ್ನು ಕೆರೆಯುತ್ತಿದ್ದಳು. "ಯಾರೋ ಕೈಮರೆತು ಹಾಕಿರ್ಬೇಕಮ್ಮ," ಎಂದು ಗೊಣಗಿದಳು. ಯಾರೋ. ಆ 'ಯಾರೋ' ಎಂಬ ಮಾತು ಅರಗಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

"ಆ ಗಂಟು ನನ್ನದು ಸರ್. ನಾನು ಹಾಕ್ತಿದ್ದ ಗಂಟು. ಆ ಕಂಕುಳ ಕತ್ತರಿಸೋದೂ ನಂದೇ. ಹೊಲಿದಿದ್ದು ನನ್ನ ವಾರಗಿತ್ತಿ, ನಾನೇ ಕಲಿಸಿದ್ದು."

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ, ಸಿಟ್ಟಿಲ್ಲದೆ ಕೇಳಿದರು, "ನಿಮ್ಮ ಹಾಳೆ ಎಲ್ಲಿ?"

ಅವಳು ಖಾನೆ ಎಳೆದು ಖಾಲಿ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಹತ್ತೊಂಬತ್ತು ವರ್ಷ ನೀವು ನನ್ನ ಹಾಳೆ ಇಸ್ಕೊಂಡಿದ್ದೀರಿ. ನಿಮ್ಮದು ಕೇಳಬೇಕು ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ," ಎಂದರು ಅಧಿಕಾರಿ. "ಹೊರಗೆ ಕೂತಿರಿ."

ಹೊರಗೆ ಬೆಂಚಿನಲ್ಲಿ ಜಾಗವಿದ್ದದ್ದು ವಾರಗಿತ್ತಿಯ ಪಕ್ಕದಲ್ಲಿ ಮಾತ್ರ. ಅರಗಕ್ಕ ಗೋಡೆಗೆ ಒರಗಿ ನಿಂತೇ ಇದ್ದಳು.

ಆಮೇಲೆ ನಡೆದದ್ದೆಲ್ಲ ಕಾಗದದ ಕೆಲಸ. ತಪ್ಪು ಸಿಬ್ಬಂದಿಯದು, ಗಂಟಿನಿಂದ ಆಳನ್ನು ಗುರುತಿಸಬಲ್ಲವಳು ಅವಳೊಬ್ಬಳೇ, ಅವಳಿಲ್ಲದ ಮೇಜಿನಲ್ಲಿ ಅದು ಬರೀ ದಾರ ಎಂದು ಕಾನೂನು ಅಧಿಕಾರಿ ಅಭಿಪ್ರಾಯ ಕೊಟ್ಟರು. ಗಂಟು ಬಿಚ್ಚಿಸಿ, ಆರೂ ಅಂಗಿಗಳಿಗೆ ಹೊಸ ನಂಬರು ಕೊಟ್ಟು, ಬೇರೆ ಸಮಿತಿ ಕೂರಿಸಿ, ಬೇರೊಬ್ಬ ಗುಡಿಸುವವಳನ್ನು ಕರೆಸಿ ಮತ್ತೆ ನೋಡಿದರು. ಅವಳೂ ಅದೇ ಅಂಗಿ ತೊಟ್ಟು ಪೊರಕೆ ಹಿಡಿದಳಂತೆ. ದರವೂ ಹೊಂದಿತು. ಗುತ್ತಿಗೆ ವಾರಗಿತ್ತಿಗೆ ಆಯಿತು. ಅರಗಕ್ಕನಿಗೆ ಒಂದು ನೋಟಿಸು, ಒಂದು ವರ್ಷದ ವೇತನ ಬಡ್ತಿಗೆ ಕತ್ತರಿ, ನೆಲಮಹಡಿಯ ದಾಖಲೆ ಕೋಣೆಗೆ ವರ್ಗ.

ತಿಂಗಳ ಪಟ್ಟಿಯನ್ನು ಮೊದಲ ಬಾರಿಗೆ ಬೇರೆ ಯಾರೋ ಬಡಿದರು. ಸಾಲುಗಳು ವಾಲಿದ್ದವು. ಅತ್ತೆ ಮೊಮ್ಮಗಳನ್ನು ಕರೆದುಕೊಂಡು ಮತ್ತೆ ಬೋರ್ಡಿನ ಮುಂದೆ ನಿಂತರು. ಸಂಜೆ ಮಗಳು ಅಡುಗೆಮನೆಯ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದಳು, "ಅಮ್ಮಾ, ನಿನ್ನ ಹೆಸರೂ ಬಂದಿದೆ."

"ಗೊತ್ತು."

"ಚಿಕ್ಕಮ್ಮನ ಸಾಲಲ್ಲೇ ಇದೆ. ಷರಾ ಅಂತ ಇದೆಯಲ್ಲ, ಅಲ್ಲಿ. ಇಂಥವರು ಸಂಬಂಧ ತಿಳಿಸದೆ ಮೇಜಿಗೆ ಕೂತಿದ್ದರಿಂದ ಸಮಿತಿ ಬದಲಾಯಿಸಿದೆ ಅಂತ. ಪೂರ್ತಿ ಹೆಸರು ಹಾಕಿದಾರೆ." ಬಾಗಿಲಿಗೆ ಒರಗಿ, "ಅಜ್ಜಿ ಅದನ್ನ ಓದ್ಬೇಡ ಅಂದ್ರು. ನಾನು ಓದ್ದೆ," ಎಂದಳು.

ಅರಗಕ್ಕ ಒಲೆ ಆರಿಸಿ, ಮಗಳ ತಲೆಯನ್ನು ಹೊಟ್ಟೆಗೊತ್ತಿಕೊಂಡು ನಿಂತಳು. "ಓದಿದ್ದು ಒಳ್ಳೇದಾಯ್ತು," ಎಂದಳು. "ಅದು ನಿಜಾನೇ."

ಹತ್ತು ದಿನ ಕೆಳಮನೆಯಿಂದ ಮಾತಿರಲಿಲ್ಲ. ಯಂತ್ರಗಳ ಸದ್ದು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಐದರ ಸದ್ದು ಹನ್ನೊಂದರ ಸದ್ದಾಗಿತ್ತು. ಅದರ ನಡುವೆ ಯಾವುದು ತನ್ನ ಹಳೆಯ ಯಂತ್ರವೆಂದು ಅರಗಕ್ಕ ಕಿವಿಯಲ್ಲೇ ಹೆಕ್ಕುತ್ತಿದ್ದಳು. ಕೊನೆಯ ಹೊಲಿಗೆಗೆ ಅದು ಒಮ್ಮೆ ಕೆಮ್ಮುತ್ತಿತ್ತು.

ಒಪ್ಪಿದ ಮಾದರಿಯನ್ನು ಗುತ್ತಿಗೆ ಮುಗಿಯುವವರೆಗೆ ಮೊಹರು ಹಾಕಿ ಇಡುವುದು ನಿಯಮ. ಬರುವ ಸರಕನ್ನು ಅದಕ್ಕೆ ಹೋಲಿಸಿ ನೋಡುತ್ತಾರೆ. ಇಡುವ ಜಾಗ ದಾಖಲೆ ಕೋಣೆ. ಗುತ್ತಿಗೆದಾರರು ಎದುರಿಗಿದ್ದು ಮೊಹರಿನ ಪಕ್ಕ ಸಹಿ ಹಾಕಬೇಕು. ಹಾಗೆ ಹನ್ನೊಂದನೇ ದಿನ ವಾರಗಿತ್ತಿ ಅಂಗಿಯ ಚೀಲ ಹಿಡಿದು, ಕಡತಗಳ ಕಪಾಟಿನ ನಡುವಿನ ಓಣಿಯಲ್ಲಿ ಬಂದು ನಿಂತಳು. ಟಪಾಲು ಗುಮಾಸ್ತ ಸಾಕ್ಷಿಗೆಂದು ಜೊತೆಗೆ ಬಂದಿದ್ದವನು ಬಾಗಿಲಲ್ಲೇ ಫೋನಿನಲ್ಲಿ ಮಾತಾಡುತ್ತ ನಿಂತುಬಿಟ್ಟ.

ಅರಗಕ್ಕ ಅಂಗಿಯನ್ನು ಮೇಜಿನ ಮೇಲೆ ಹರವಿ ಕಾಲರು ತಿರುಗಿಸಿದಳು. ಗಂಟಿದ್ದಲ್ಲಿ ಎರಡು ಸೂಜಿತೂತು. ಮುಂದೆ ಸಾವಿರದ ಇನ್ನೂರು ಅಂಗಿಗಳೂ ಇದರಂತೆಯೇ ಇರಬೇಕು, ಗಂಟಿಲ್ಲದೆ. ಅವಳು ಬೆರಳಿನಿಂದ ಆ ಜಾಗವನ್ನು ಸವರಿದಳು.

"ಮೂರು ದಿನ ಮೆಟ್ಟಿಲ ಹತ್ರ ನೇತಾಡ್ತಿತ್ತು," ಎಂದಳು ವಾರಗಿತ್ತಿ. "ನೋಡಿದ್ರಾ?"

"ನೋಡಿದೆ."

"ಹೇಳಬಾರದು ಅಂತ ರೂಲ್ಸು ಇತ್ತು, ಅದಕ್ಕೆ ಸುಮ್ಮನಿದ್ರಿ ಅಂತ ಅತ್ತೆ ಅಂತಾರೆ."

ಹೂಂ ಎಂದರೆ ಸಾಕಿತ್ತು. ತಪ್ಪಿಸಿಕೊಳ್ಳಲು ಅತ್ತೆ ಬಾಗಿಲು ತೆರೆದೇ ಇಟ್ಟಿದ್ದರು.

"ರೂಲ್ಸು ಇತ್ತು. ಅದಕ್ಕಲ್ಲ ಸುಮ್ಮನಿದ್ದಿದ್ದು."

"ಮತ್ತೆ?"

"ನಿನ್ನನ್ನ ನೋಡಿದ್ರೆ ನನಗೆ ಆಗ್ತಿರಲಿಲ್ಲ ಕಣೆ. ನನ್ನ ಕೈ ನಿನ್ನ ಹತ್ರ ಇದೆ ಅನ್ನಿಸ್ತಿತ್ತು."

ವಾರಗಿತ್ತಿ ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು, ತೆಗೆದು ಹಾಕಿ ಮಾಡಿದಳು. ಕಣ್ಣು ತುಂಬಿದ್ದು ಸಿಟ್ಟಿಗೋ ಬೇರೆಯದಕ್ಕೋ ಹೇಳುವುದು ಕಷ್ಟ. "ಈಗ?"

"ಈಗಲೂ ಅಷ್ಟೆ. ಏನ್ ಸುಳ್ಳು ಹೇಳಲಿ."

"ಒಳ್ಳೇದು," ಎಂದಳು ವಾರಗಿತ್ತಿ, ಮೂಗೆಳೆದುಕೊಂಡು. "ಈಗ ಪ್ರೀತಿ ಇದೆ ಅಂದಿದ್ರೆ ನಾನು ಇಲ್ಲಿಂದ ಹೊರಟು ಹೋಗ್ತಿದ್ದೆ."

ಅರಗಕ್ಕ ಅರಗು ಕಾಯಲಿಟ್ಟಳು. ಅಂಗಿಯ ಪೊಟ್ಟಣಕ್ಕೆ ದಾರ ಸುತ್ತಿ ವಾರಗಿತ್ತಿ ತುದಿ ಹಿಡಿದಳು, ಅರಗಕ್ಕ ಗಂಟು ಬಿಗಿದಳು.

"ಹೊಸಬರಿಗೆ ಕಂಕುಳ ಕತ್ತರಿಸೋದು ಬರ್ತಿಲ್ಲ ಅಕ್ಕಾ. ನಾನು ಎಷ್ಟು ತೋರಿಸಿದ್ರೂ ಬಟ್ಟೆ ಹಿಡಿಯುತ್ತೆ. ಭಾನುವಾರ ಒಂದು ಗಂಟೆ ಕೆಳಗೆ ಬನ್ನಿ. ಬರೀ ಕತ್ತರಿ ಹಿಡಿದು ತೋರಿಸಿ ಸಾಕು."

ಅರಗಕ್ಕನ ಕೈಗಳು ಒಮ್ಮೆಲೇ ಬಿಸಿಯಾದವು. ಹಳೆಯ ಯಂತ್ರದ ಚಕ್ರ ಅಂಗೈಗೆ ತಾಗಿದಂತೆ, ಕತ್ತರಿಯ ಹಿಡಿ ಹೆಬ್ಬೆರಳಿಗೆ ಕೂತಂತೆ. ಅವಳಿಗೆ ಹೋಗಬೇಕೆನ್ನಿಸಿತು, ಈ ಹತ್ತೊಂಬತ್ತು ವರ್ಷದಲ್ಲಿ ಯಾವುದೂ ಅಷ್ಟು ಬೇಕೆನ್ನಿಸಿರಲಿಲ್ಲ.

"ಬರೋ ಹಾಗಿಲ್ಲ," ಎಂದಳು. "ಗುತ್ತಿಗೆ ಮುಗಿಯೋವರೆಗೆ ನಾನು ನಿನ್ನ ಕೋಣೆಗೆ ಕಾಲಿಡಬಾರದು. ಇದು ನಿಜವಾಗಲೂ ರೂಲ್ಸು."

"ಯಾವಾಗ ಮುಗಿಯುತ್ತೆ?"

ಪಟ್ಟಿಯ ಆ ಸಾಲು ಅವಳಿಗೆ ಬಾಯಿಪಾಠವಾಗಿತ್ತು. "ಇನ್ನು ಹತ್ತು ತಿಂಗಳು, ಆರು ದಿನ."

ಕೆಂಪು ಅರಗು ತೊಟ್ಟಿಕ್ಕಿ ದಾರದ ಗಂಟನ್ನು ಮುಚ್ಚಿತು. ಅರಗಕ್ಕ ಮೊಹರನ್ನು ಒತ್ತಿ ಹಿಡಿದಳು. ವಾರಗಿತ್ತಿ ಪಕ್ಕದಲ್ಲಿ, ಇನ್ನೂ ಬಿಸಿಯಾಗಿದ್ದ ಅರಗಿಗೆ ಬೆರಳು ತಾಗದಂತೆ, ತನ್ನ ಪೂರ್ತಿ ಹೆಸರು ಬರೆದಳು.